ಮೋಟಾರಿನ ಒಳಮೈಗೆ ಕಾರಖಾನೆಯ ಕಳೆ

ಎತ್ತಿನ ಬಂಡಿಯು ಮನೆಯ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ ಅದರ ದುರಸ್ತಿಯು ಯಜಮಾನನಿಗೆ ದೊಡ್ಡ ಚಿಂತೆಯಾಗಿರಲಿಲ್ಲ. ಗಾಲಿಯ ಹಳಿಯು ಸಡಿಲಾದರೆ ಕಮ್ಮಾರನೂ, ನೊಗವು ಮುರಿದರೆ ಬಡಿಗನೂ ಊರಲ್ಲಿಯೇ ಇದ್ದರು. ಈಗ ಬಂಡಿಯ ಸ್ಥಳದಲ್ಲಿ ಮೋಟಾರು ಗಾಡಿಯು ಬಂದು ನಿಂತಿರುವದು ಸರ್ವರಿಗೂ ವಿದಿತವೇ ಆಗಿದೆ. ತೊಗರಿಯ ಹಣದಿಂದ ಕೊಂಡ ಜೀಪು, ಗಾಣಗಾಪುರದ ಹುಣ್ಣಿಮೆಗೂ ಘತ್ತರಗಿಯ ಭಾಗ್ಯವಂತಿಯ ದರ್ಶನಕ್ಕೂ ಜನರನ್ನು ತುಂಬಿಕೊಂಡು ಓಡುವ ಕ್ರೂಸರು, ಮಕ್ಕಳು ಪಟ್ಟಣದಲ್ಲಿ ಕೆಲಸಕ್ಕೆ ಸೇರಿ ತಂದ ಸಣ್ಣ ಕಾರು—ಹೀಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಗಾಡಿಯು ಕುಟುಂಬದ ಒಂದು ಅಂಗವೇ ಆಗಿ ಹೋಗಿದೆ. ಆದರೆ ಇದರ ಒಳಮೈಯು ಕೆಟ್ಟಾಗ ಕಮ್ಮಾರ ಬಡಿಗರಿಂದ ಆಗುವಂಥದೇನೂ ಇಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡು ಬಿರಿಯುವದು, ಬಾಗಿಲ ಒಳಹಲಗೆಯು ಸೊಟ್ಟಗಾಗುವದು, ಗೇರಿನ ಸುತ್ತಲಿನ ಮುಚ್ಚಳವು ಮುರಿಯುವದು ಸಾಧಾರಣವಾದ ಸಂಗತಿಗಳು. ಗಾಡಿಯು ಹಳೆಯದಾಗಿದ್ದರೆ ಆ ಭಾಗವು ಪೇಟೆಯಲ್ಲಿ ಸಿಕ್ಕುವದೇ ಇಲ್ಲ.

ಇಂಥ ಸಮಯದಲ್ಲಿ ಬುದ್ಧಿವಂತರಾದ ಕೆಲಸಗಾರರು ಫೈಬರ್‌ಗ್ಲಾಸಿನಿಂದ ಹೊಸ ಭಾಗವನ್ನು ಮಾಡಿಕೊಡುತ್ತಾರೆ. ಅಳತೆಯು ಸರಿಯಾಗಿಯೇ ಕೂಡ್ರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಆದರೂ ಅದನ್ನು ಗಾಡಿಯಲ್ಲಿ ಕೂಡಿಸಿದ ಕೂಡಲೆ ನೋಡಿದವರು, “ಇದು ಕೈಯಿಂದ ಮಾಡಿಸಿದ್ದು” ಎಂದು ಗುರುತಿಸಿಬಿಡುತ್ತಾರೆ. ಕಾರಖಾನೆಯ ಭಾಗದ ಮೈಮೇಲೆ ತೊಗಲಿನಂಥ ಸಣ್ಣ ನೆರಿಗೆಗಳಾಗಲಿ, ಸಣ್ಣ ರವೆಯಂಥ ತರಿಯಾಗಲಿ ಇರುತ್ತದೆ. ಕೈಯಿಂದ ಮಾಡಿದ್ದು ಸ್ನಾನದ ಮನೆಯ ತೊಟ್ಟಿಯಂತೆ ನುಣ್ಣಗೆ ಹೊಳೆಯುತ್ತದೆ. ಈ ತರಿಯನ್ನು ನಮ್ಮ ಕೈಯಿಂದ ತರಲು ಸಾಧ್ಯವೇ, ಸಾಧ್ಯವಿದ್ದರೆ ಹೇಗೆ ಎಂಬದೇ ಇಂದಿನ ಲೇಖನದ ವಿಷಯವು.

ಮೊದಲು ಒಂದು ಮಾತು. ಇದು ಬರಿಯ ಚೆಂದದ ವಿಷಯವೆಂದು ವಾಚಕರು ತಿಳಿಯಕೂಡದು. ನಮ್ಮ ಸೀಮೆಯ ಮನೆಗಳಿಗೆಲ್ಲ ಹಾಸುವ ಶಹಾಬಾದದ ಕಲ್ಲನ್ನು ನೋಡಿರಿ. ಪಡಸಾಲೆಯಲ್ಲಿ ಅದನ್ನು ಉಜ್ಜಿ ನುಣುಪು ಮಾಡುತ್ತೇವೆ. ಬಚ್ಚಲಿಗೂ ಅಂಗಳಕ್ಕೂ ಒರಟಾದ ಮೈಯನ್ನೇ ಮೇಲೆ ಬಿಡುತ್ತೇವೆ. ಒಂದೇ ಕಲ್ಲು, ಎರಡು ಮೈ. ಏಕೆಂದರೆ ಎರಡೂ ಕಡೆಗೆ ಕೆಲಸವು ಬೇರೆ. ಗಾಡಿಯ ಡ್ಯಾಶ್‌ಬೋರ್ಡಿನ ಮೇಲ್ಭಾಗದ ಕೆಲಸವೆಂದರೆ ಬೆಳಕನ್ನು ಚದರಿಸುವದು. ಮುಂದಿನ ಗಾಜು ಓರೆಯಾಗಿರುವದಷ್ಟೆ. ಅದರ ಕೆಳಗೆ ಹೊಳೆಯುವ ಹಲಗೆಯಿದ್ದರೆ, ಬಿಸಿಲು ಅದರ ಮೇಲೆ ಬಿದ್ದು, ಮೇಲಕ್ಕೆ ಹಾರಿ, ಗಾಜಿನ ಒಳಮೈಗೆ ತಾಗಿ ನೇರವಾಗಿ ಚಾಲಕನ ಕಣ್ಣಿಗೆ ಬರುತ್ತದೆ. ಆಗ ಎದುರಿನ ದಾರಿಯ ಮೇಲೆ ಬಿಳಿಯ ತೆರೆಯೊಂದನ್ನು ಎಳೆದಂತಾಗುತ್ತದೆ. ಆ ತೆರೆಯೊಳಗೆ ದಾರಿ ದಾಟುವ ಕುರಿಯೂ ಕಾಣದು, ಕೂಸೂ ಕಾಣದು. ಮೈಯು ತರಿತರಿಯಾಗಿದ್ದರೆ ಅದೇ ಬೆಳಕು ಹತ್ತು ದಿಕ್ಕಿಗೆ ಚದರಿ ಕ್ಷೀಣವಾಗುವದು. ಕಲಬುರ್ಗಿಯಿಂದ ಆಳಂದವು ವಾಯವ್ಯಕ್ಕೂ ಅಫಜಲಪುರವು ಪಶ್ಚಿಮಕ್ಕೂ ಇರುವದರಿಂದ, ಮುಂಜಾನೆ ಕಚೇರಿಗೆ ಹೋಗಿ ಸಂಜೆಗೆ ತಿರುಗಿ ಬರುವವರಿಗೆ ಎರಡು ಹೊತ್ತೂ ಸೂರ್ಯನು ಎದುರಿಗೇ ಇರುತ್ತಾನೆ. ಜೇವರ್ಗಿಯವರಿಗೆ ಕಲಬುರ್ಗಿಯ ದಾರಿಯಲ್ಲಿ ಈ ಕಾಟವು ಕಡಿಮೆ. ವಿಜಯಪುರದ ಕಡೆಗೆ ಸಂಜೆಗೆ ಹೊರಟರೆ ಅವರಿಗೂ ತಪ್ಪದು. ಬಣ್ಣವೂ ಇದರಲ್ಲಿ ಮುಖ್ಯವಾದದ್ದು. ತರಿಯಿದ್ದರೂ ಹಲಗೆಯು ಬಿಳಿದಾಗಿದ್ದರೆ ಗಾಜಿನಲ್ಲಿ ಅದರ ನೆರಳು ಕಾಣಿಸಿಯೇ ಕಾಣಿಸುವದು. ಆದ್ದರಿಂದ ಗಾಜಿನ ಕೆಳಗಿನ ಭಾಗವು ಕಪ್ಪು ಇಲ್ಲವೆ ಗಾಢವಾದ ಬೂದು ಬಣ್ಣದ್ದಾಗಿ, ಹೊಳಪಿಲ್ಲದ್ದಾಗಿ ಇರತಕ್ಕದ್ದು.

ಹೊಳಪಿಲ್ಲದ ಮೈಯಲ್ಲಿ ಚೆಲುವಿಲ್ಲವೆಂಬುವವರು ನೆರೆಯ ಬೀದರಿನ ಕೆಲಸವನ್ನು ನೆನೆಯಲಿ. ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂಡ್ರಿಸಿ, ಕೊನೆಗೆ ಅಲ್ಲಿಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿ ತಿಕ್ಕಿ ಲೋಹದ ಮೈಯನ್ನು ಕಪ್ಪಾಗಿಸುತ್ತಾರೆ. ಆ ಮಂಕಾದ ಕಪ್ಪಿನ ದೆಸೆಯಿಂದಲೇ ಬೆಳ್ಳಿಯು ಅಷ್ಟು ಶೋಭಿಸುವದು.

ಇನ್ನು ಫೈಬರ್‌ಗ್ಲಾಸು ಎಂದರೇನು? ಹೆಸರು ಪರದೇಶದ್ದಾದರೂ ತತ್ತ್ವವು ನಮಗೆ ಹೊಸದಲ್ಲ. ಬರಿಯ ಮಣ್ಣಿನಿಂದ ಗೋಡೆಯನ್ನು ಕಟ್ಟಿದರೆ ಒಣಗಿದಾಗ ಬಿರಿಯುತ್ತದೆಂದು ಮಣ್ಣಿನಲ್ಲಿ ಹೊಟ್ಟನ್ನು ಕಲಿಸಿ ತುಳಿಯುವದು ನಮ್ಮ ಹಿರಿಯರ ರೂಢಿಯಷ್ಟೆ. ಮಣ್ಣು ಹಿಡಿದಿಡುತ್ತದೆ, ಹೊಟ್ಟು ಹರಿಯಗೊಡುವದಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆಗಳ ಮೇಲೆ ಗೋಣಿಯ ಚೂರುಗಳನ್ನು ಹುಣಸೆಬೀಜದ ಸರಿಯಲ್ಲಿ ಅದ್ದಿ ಅಂಟಿಸಿ, ಮೇಲೆ ನುಣುಪಾದ ಲೇಪವನ್ನು ಕೊಟ್ಟು ಬಣ್ಣ ಹಾಕುವದೂ ಇದೇ ಜಾತಿಯ ಕೆಲಸವೇ. ಫೈಬರ್‌ಗ್ಲಾಸಿನಲ್ಲಿ ಹೊಟ್ಟಿನ ಸ್ಥಾನದಲ್ಲಿ ಕೂದಲಿಗಿಂತಲೂ ಸಣ್ಣಾದ ಗಾಜಿನ ಎಳೆಗಳು, ಮಣ್ಣಿನ ಸ್ಥಾನದಲ್ಲಿ ರೆಸಿನ್ ಎಂಬ ರಾಳದಂಥ ದ್ರವವು. ಗಾಜಿನ ಎಳೆಗಳನ್ನು ವಿಪುಲವಾಗಿ ತೆಗೆಯುವ ಉಪಾಯವು ಅಮೇರಿಕೆಯಲ್ಲಿ ೧೯೩೦ರ ದಶಕದಲ್ಲಿ ಕೈಗೂಡಿತು. ೧೯೫೩ರಲ್ಲಿ ಅಲ್ಲಿಯ ಶೆವರ್ಲೆ ಕಂಪನಿಯವರು ಕಾರ್ವೆಟ್ ಎಂಬ ಕಾರಿನ ಹೊರಮೈಯನ್ನೆಲ್ಲ ಇದರಿಂದಲೇ ಮಾಡಿ ಮಾರಿದರು.

ನಮ್ಮ ಕರ್ನಾಟಕವೂ ಈ ವಿಷಯದಲ್ಲಿ ತೀರ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿಯವರು ೧೯೮೨ರಲ್ಲಿ ಡಾಲ್ಫಿನ್ ಎಂಬ ಕಾರನ್ನು ಹೊರತಂದರು. ಇಂಗ್ಲಂಡದ ರಿಲಾಯಂಟ್ ಕಿಟನ್ ಎಂಬ ಕಾರಿನ ಮಾದರಿ; ೮೪೮ ಸಿ.ಸಿ. ಯಂತ್ರ, ಹೊರಮೈಯೆಲ್ಲ ಫೈಬರ್‌ಗ್ಲಾಸು. ತುಕ್ಕು ಹಿಡಿಯದ್ದು, ಹಗುರಾದದ್ದು. ಮರುವರುಷ, ೧೯೮೩ರ ಡಿಸೆಂಬರಿನಲ್ಲಿ, ಮಾರುತಿಯು ಬಂದ ಮೇಲೆ ಅದರ ಕಥೆಯು ಬಹುಕಾಲ ನಡೆಯಲಿಲ್ಲ. ಹಗುರಾದ ಮೈಯು ಗಟ್ಟಿಯಾಗಿರಲಾರದೆಂದು ಜನರು ಸಂಶಯಪಟ್ಟರೆಂದು ಹೇಳುವದುಂಟು. ಆದರೆ ನಮ್ಮ ಮಾತಿಗೆ ಅದಕ್ಕಿಂತ ಪ್ರಕೃತವಾದ ಕಾರಣವೊಂದಿದೆ. ಫೈಬರ್‌ಗ್ಲಾಸಿನ ಭಾಗವನ್ನು ಒಂದೊಂದಾಗಿ ಕೈಯಿಂದ ಅಚ್ಚಿನಲ್ಲಿ ಹಾಸಿ, ಅದು ಗಟ್ಟಿಯಾಗುವ ವರೆಗೆ ಕಾಯಬೇಕು. ಉಕ್ಕಿನ ತಗಡನ್ನೋ ಪ್ಲಾಸ್ಟಿಕ್ಕನ್ನೋ ಯಂತ್ರವು ಕ್ಷಣಾರ್ಧದಲ್ಲಿ ಒತ್ತಿ ಒಗೆಯುತ್ತದೆ. ಲಕ್ಷಗಟ್ಟಲೆ ಬೇಕಾದಲ್ಲಿ ಕೈಕೆಲಸವು ಸೋಲುವದು. ಒಂದೇ ಒಂದು ಬೇಕಾದಲ್ಲಿ ಯಂತ್ರವು ಸೋಲುವದು. ಹಳೆಯ ಜೀಪಿನ ಡ್ಯಾಶ್‌ಬೋರ್ಡು ಎರಡನೆಯ ಜಾತಿಯದು.

ಕಾರಖಾನೆಯಲ್ಲಿ ತರಿಯು ಹೇಗೆ ಬರುತ್ತದೆಂಬದನ್ನು ತಿಳಿದರೆ ನಮ್ಮ ದಾರಿಯು ಸುಲಭವಾಗುವದು. ಅಲ್ಲಿ ಯಾರೂ ಒಂದೊಂದು ಭಾಗದ ಮೇಲೆ ತರಿಯನ್ನು ಕೂಡಿಸುವದಿಲ್ಲ. ಉಕ್ಕಿನ ಅಚ್ಚಿನ ಒಳಮೈಯನ್ನೇ ಆಮ್ಲದಿಂದ ಸವೆಯಿಸಿ ಅದರಲ್ಲಿ ತೊಗಲಿನ ನೆರಿಗೆಯನ್ನು ಮೂಡಿಸಿರುತ್ತಾರೆ. ಕರಗಿದ ಪ್ಲಾಸ್ಟಿಕ್ಕು ಅದರೊಳಗೆ ಒತ್ತಲ್ಪಟ್ಟಾಗ, ಒಬ್ಬಟ್ಟಿನ ಮೇಲೆ ಬಾಳೆಯೆಲೆಯ ಗೆರೆಯು ಮೂಡುವಂತೆ, ನೆರಿಗೆಯು ತಾನಾಗಿ ಮೂಡುತ್ತದೆ. ಬೆಲೆಯುಳ್ಳ ಕಾರುಗಳಲ್ಲಿ ನಿಜವಾದ ತೊಗಲಿನಿಂದಲೇ ಪಡಿಯಚ್ಚನ್ನು ತೆಗೆದು, ಅದರ ಮೇಲೆ ವಿದ್ಯುತ್ತಿನಿಂದ ನಿಕ್ಕೆಲಿನ ಪದರನ್ನು ಬೆಳೆಯಿಸಿ ಅಚ್ಚನ್ನು ಮಾಡುವದುಂಟು. ಹೀಗೆ ಮಾಡುವದರಲ್ಲಿ ಕಾರಖಾನೆಯವರ ಸ್ವಾರ್ಥವೂ ಇದೆ. ಪ್ಲಾಸ್ಟಿಕ್ಕು ಹರಿದು ಬಂದ ಗೆರೆಗಳೂ, ಅಲ್ಲಲ್ಲಿ ತಗ್ಗು ಬಿದ್ದ ಗುರುತುಗಳೂ, ಮುಂದೆ ಉಗುರು ಬಳೆಗಳಿಂದ ಬೀಳುವ ಗೀರುಗಳೂ ತರಿಯಲ್ಲಿ ಅಡಗಿ ಹೋಗುತ್ತವೆ. ನಮ್ಮ ಕೈಕೆಲಸಕ್ಕೂ ಈ ಲಾಭವು ಸಿಕ್ಕುವದು. ಆದರೆ ಒಂದು ಮಿತಿಯೊಳಗೆ. ಸಣ್ಣ ಗೀರುಗಳನ್ನು ತರಿಯು ಮುಚ್ಚುವದು. ಮೈಯ ಏರಿಳಿತವನ್ನು ಮುಚ್ಚಲಾರದು. ಕಣ್ಣು ಮುಚ್ಚಿ ಅಂಗೈಯನ್ನು ಹಲಗೆಯ ಮೇಲೆ ಮೆಲ್ಲಗೆ ಸರಿಸಿ ನೋಡಿರಿ. ಕೈಗೆ ತಿಳಿದ ತಗ್ಗು ನಾಳೆ ಬಿಸಿಲಿನಲ್ಲಿ ಕಣ್ಣಿಗೂ ತಿಳಿಯುವದೆಂಬದು ನಿಶ್ಚಯ.

ಹಲಗೆಯನ್ನು ಹಾಸುವ ಕೆಲಸವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುವೆವು. ಅಚ್ಚಿಗೆ ಮೇಣವನ್ನು ತಿಕ್ಕಿ, ಮೇಲೆ ಜೆಲ್‌ಕೋಟ್ ಎಂಬ ದಪ್ಪ ಲೇಪವನ್ನು ಅರ್ಧ ಮಿಲಿಮೀಟರಿನಷ್ಟು ಬಳಿದು, ಅದು ಬೆರಳಿಗೆ ಅಂಟಂಟಾಗಿದ್ದಾಗಲೇ ಗಾಜಿನ ಎಳೆಯ ಚಾಪೆಯನ್ನು ಹಾಸಿ, ರೆಸಿನ್ನನ್ನು ಕುಂಚದಿಂದ ಕುಡಿಸಬೇಕು. ಚಾಪೆಯ ತೂಕದ ಎರಡೂವರೆ ಪಟ್ಟು ರೆಸಿನ್ನು ಬೇಕಾಗುವದು. ಗಾಳಿಯ ಗುಳ್ಳೆಗಳನ್ನು ಉರುಳೆಯಿಂದ ಒತ್ತಿ ಹೊರಗೆ ಹಾಕಬೇಕು. ಎರಡು ಮೂರು ಪದರಾದರೆ ಬಾಗಿಲ ಹಲಗೆಗೆ ಸಾಕು.

ಆದರೆ ಇಲ್ಲಿ ಅವಸರ ಮಾಡದೆ ಕೇಳತಕ್ಕ ಸಂಗತಿಯೊಂದಿದೆ. ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡನರು ನೀರಿನಂತೆ ನಿರ್ಮಲವಾದ ದ್ರವವು. ನೂರು ಗ್ರಾಮು ರೆಸಿನ್ನಿಗೆ ಒಂದರಿಂದ ಎರಡು ಗ್ರಾಮು ಸಾಕು. ಇದರ ಒಂದು ಹನಿಯು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಸಂಭವವುಂಟು. ಸಿಡಿದ ಕ್ಷಣದಿಂದಲೇ ಕಾಲುಗಂಟೆಯಾದರೂ ಧಾರೆಯಾಗಿ ನೀರಿನಿಂದ ತೊಳೆಯುತ್ತ, ಹಾಗೆಯೇ ದವಾಖಾನೆಗೆ ಕರೆದೊಯ್ಯಬೇಕು. ಕೆಲಸ ಮಾಡುವವರು ಕನ್ನಡಕವಿಲ್ಲದೆ ಇದನ್ನು ಮುಟ್ಟಕೂಡದು. ನಮ್ಮ ಮನೆಗಳಲ್ಲಿ ಉಳಿದ ದ್ರವವನ್ನು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ಹಾಕಿ ಗೂಡಿನಲ್ಲಿಡುವ ದುಷ್ಟ ರೂಢಿಯೊಂದಿದೆ. ಬೇಸಗೆಯಲ್ಲಿ ಬಾಯಾರಿ ಬಂದ ಮಗುವಿಗೆ ಅದು ನೀರೋ ವಿಷವೋ ಹೇಗೆ ತಿಳಿಯಬೇಕು? ಗೃಹಿಣಿಯರು ಈ ವಿಷಯದಲ್ಲಿ ಯಾರ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ, ಇಂಥ ಬಾಟಲಿಗೆ ಮನೆಯೊಳಗೆ ಸ್ಥಳವಿಲ್ಲವೆಂದು ಹೇಳಿಬಿಡಬೇಕು. ಇನ್ನೊಂದು: ರೆಸಿನ್ನಿಗೆ ಚುರುಕು ಕೊಡಲು ಕೋಬಾಲ್ಟ್ ಎಂಬ ನೇರಿಳೆ ಬಣ್ಣದ ದ್ರವವನ್ನೂ ಹಾಕುತ್ತಾರೆ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರಸಿದರೆ ಮದ್ದಿನಂತೆ ಸಿಡಿಯುವದು. ಮೊದಲು ಒಂದನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಿಸಿ, ಆ ಮೇಲೆಯೇ ಇನ್ನೊಂದನ್ನು ಹಾಕತಕ್ಕದ್ದು. ರೆಸಿನ್ನಿನ ವಾಸನೆಯಿಂದ ತಲೆಶೂಲೆ, ಓಕರಿಕೆಗಳು ಬರುವದರಿಂದ ಈ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ ಮಾಡಬೇಕು. ಒಣಗಿದ ಮೇಲೆ ಉಜ್ಜುವಾಗ ಏಳುವ ಧೂಳಿನಲ್ಲಿ ಗಾಜಿನ ಎಳೆಗಳಿರುವದರಿಂದ ಮೂಗು ಬಾಯಿಗಳಿಗೆ ಸರಿಯಾದ ಮುಖಕವಚವೂ, ತೋಳು ತುಂಬ ಬಟ್ಟೆಯೂ ಇರಬೇಕು. ಆ ಬಟ್ಟೆಗಳನ್ನು ಮನೆಯ ಅರಿವೆಗಳ ಕೂಡ ಒಗೆಯಬಾರದು. ಕೂಸಿನ ಅಂಗಿಗೆ ಆ ಎಳೆಗಳು ಹತ್ತಿದರೆ ತುರಿಕೆಯಿಂದ ಅದು ರಾತ್ರಿಯೆಲ್ಲ ಅಳುವದು.

ನಮ್ಮ ಕಡೆಯ ಬಿಸಿಲಿನ ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕಲಬುರ್ಗಿ ಜಿಲ್ಲೆಯಲ್ಲಿ ಎಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವದು ಪ್ರತಿವರ್ಷದ ಮಾತು. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡು ೭೦ ಡಿಗ್ರಿಗೂ ಮೇಲೆ ಕಾಯುವದು. ಸಾಧಾರಣ ರೆಸಿನ್ನು ಮೆತ್ತಗಾಗಲು ತೊಡಗುವದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿಯೇ. ಬೆಂಗಳೂರಿನ ತಂಪಿನಲ್ಲಿ ಸರಿಯಾಗಿ ನಿಂತ ಹಲಗೆಯು ಅಫಜಲಪುರದ ಬಸ್ಸು ನಿಲ್ದಾಣದ ಬಿಸಿಲಿನಲ್ಲಿ ಬಾಗುವದು ಈ ಕಾರಣದಿಂದಲೇ. ಅದಲ್ಲದೆ ರೆಸಿನ್ನು ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗುವದು. ಈ ಕುಗ್ಗುವಿಕೆಯು ಒಂದೇ ದಿನಕ್ಕೆ ಮುಗಿಯುವದಿಲ್ಲ. ಶಾಖ ಸಿಕ್ಕಾಗ ಉಳಿದದ್ದು ಮುಂದುವರಿಯುವದು. ಬಣ್ಣ ಹಾಕಿ ಕೂಡಿಸಿದ ಎರಡು ತಿಂಗಳಿಗೆ ಒಳಗಿನ ಚಾಪೆಯ ಎಳೆಗಳೂ, ಪುಟ್ಟಿ ತುಂಬಿದ ಅಂಚುಗಳೂ ಮೇಲೆ ಎದ್ದು ಕಾಣುವವಲ್ಲ, ಆ ಚಮತ್ಕಾರದ ಗುಟ್ಟು ಇದೇ. ಗಿರಾಕಿಯು ಬಣ್ಣವನ್ನು ಬಯ್ಯುತ್ತಾನೆ. ಬಣ್ಣದ ತಪ್ಪು ಏನೂ ಇರುವದಿಲ್ಲ.

ಇದಕ್ಕೆ ಉಪಾಯವು ನಮ್ಮ ಬಿಸಿಲಿನಲ್ಲಿಯೇ ಇದೆ. ಹಲಗೆಯನ್ನು ಅಚ್ಚಿನಿಂದ ತೆಗೆದ ಕೂಡಲೆ ಬಣ್ಣಕ್ಕೆ ಕೂಡ್ರಬಾರದು. ಅದು ಸೊಟ್ಟಗಾಗದಂತೆ ಚೌಕಟ್ಟಿಗೆ ಬಿಗಿದು, ಸಂಡಿಗೆ ಒಣಗಿಸುವ ಮಾಳಿಗೆಯ ಮೇಲೆ ಎಂಟು ದಿನ ಬಿಸಿಲಿಗೆ ಇಡಬೇಕು. ಮೇಲೆ ಕಪ್ಪು ಬಟ್ಟೆಯನ್ನು ಹೊದಿಸಿದರೆ ಇನ್ನೂ ಲೇಸು. ಕುಗ್ಗತಕ್ಕದ್ದೆಲ್ಲ ಆಗಲೇ ಕುಗ್ಗಲಿ. ಆ ಮೇಲೆ ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಎರಡು ದಿನ ಬಿಸಿಲು ತೋರಿಸಿ, ಮುಂದಿನ ಕೆಲಸಕ್ಕೆ ತೊಡಗಬೇಕು. ಬೇಸಗೆಯಲ್ಲಿ ರೆಸಿನ್ನು ಬೇಗ ಗಟ್ಟಿಯಾಗುವದೆಂದು ಹಾರ್ಡನರನ್ನು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಹಾಕುವವರುಂಟು. ಅದು ಸರಿಯಲ್ಲ, ಹಲಗೆಯು ಒಳಗೆ ಹಸಿಯಾಗಿಯೇ ಉಳಿಯುವದು. ಅದಕ್ಕಿಂತ ಕೋಳಿ ಕೂಗುವ ಹೊತ್ತಿಗೆ ಎದ್ದು ತಂಪಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಕಲಿಸಿಕೊಂಡು ಮಾಡುವದು ಒಳ್ಳೆಯದು.

ತರಿಯನ್ನು ತರುವ ಮಾರ್ಗಗಳು ಮುಖ್ಯವಾಗಿ ಮೂರು. ತೀರ ಸುಲಭವಾಗಿ ಕಾಣುವದು ರೆಕ್ಸಿನ್ನು ಹೊದಿಸುವದು. ರೆಕ್ಸಿನ್ನಿನಲ್ಲಿಯೇ ತೊಗಲಿನ ನೆರಿಗೆಯಿರುವದರಿಂದ ಹಲಗೆಗೂ ಬಟ್ಟೆಗೂ ಅಂಟನ್ನು ಬಳಿದು, ಬೆರಳಿಗೆ ಹತ್ತದಷ್ಟು ಒಣಗಿಸಿ ಒತ್ತಿದರಾಯಿತು. ಸಪಾಟಾದ ಬಾಗಿಲ ಹಲಗೆಗೆ, ಅದರಲ್ಲಿಯೂ ಮೊಳಕೈಯನ್ನು ಊರುವ ಸ್ಥಳಕ್ಕೆ, ಇದಕ್ಕಿಂತ ಉತ್ತಮವಾದದ್ದು ಇಲ್ಲ. ಆದರೆ ತಗ್ಗಾಗಿ ಬಾಗಿದ ಸ್ಥಳದಲ್ಲಿ ರೆಕ್ಸಿನ್ನು ಜಗ್ಗಿಕೊಂಡಿರುವದರಿಂದ ಬಿಸಿಲು ತಾಗಿದಂತೆಲ್ಲ ಅಂಟನ್ನು ಬಿಟ್ಟು ಮೇಲೆ ಏಳುವದು. ಮೂಲೆಗಳಲ್ಲಿ ಎಳೆದ ಕಡೆಗೆ ನೆರಿಗೆಯು ಅಳಿಸಿ ಹೋಗಿ ಬೋಳಾಗುವದು. ಡ್ಯಾಶ್‌ಬೋರ್ಡಿಗೆ ಇದನ್ನು ಮಾಡಲೇಬೇಕಾದರೆ ಶಾಖ ತಡೆಯುವ ಅಂಟನ್ನೇ ಕೇಳಿ ತರಬೇಕು. ಚಪ್ಪಲಿ ಅಂಟಿಸುವ ಅಂಟಿನಿಂದ ತೀರದು.

ಎರಡನೆಯದು ಸಿಂಪಡಿಸುವದು. ನಮ್ಮ ಅಭಿಪ್ರಾಯದಲ್ಲಿ ಒಂದೇ ಹಲಗೆಯನ್ನು ಮಾಡಿಸುವ ಗೃಹಸ್ಥರಿಗೆ ಇದೇ ಯೋಗ್ಯವಾದದ್ದು. ತಾಲೂಕಿನ ಊರುಗಳಲ್ಲಿ ಡೆಂಟಿಂಗ್-ಪೇಂಟಿಂಗ್ ಮಾಡುವವರ ಹತ್ತಿರ ಕಂಪ್ರೆಸರೂ ಗನ್ನೂ ಇದ್ದೇ ಇರುತ್ತವೆ. ಗಾಡಿಯ ತಳಕ್ಕೆ ಕಲ್ಲು ಸಿಡಿದು ಕೆಡದಂತೆ ಹೊಡೆಯುವ ರಬ್ಬರಿನಂಥ ಲೇಪ, ಇಲ್ಲವೆ ಪ್ಲಾಸ್ಟಿಕ್ಕಿನ ಬಂಪರುಗಳಿಗೆಂದೇ ಮಾರುವ ತರಿಯ ಬಣ್ಣ, ಇವೆರಡರಲ್ಲಿ ಒಂದನ್ನು ಬಳಸುತ್ತಾರೆ. ಬಣ್ಣವು ಮೇಲೆ ಹಚ್ಚಿಕೊಳ್ಳಬಲ್ಲದ್ದೇ ಅಲ್ಲವೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಡಾಂಬರಿನಿಂದ ಮಾಡಿದ ಲೇಪವಾದರೆ ಮೇಲಿನ ಬಣ್ಣವನ್ನು ಕೆಡಿಸುವದು, ಬಿಸಿಲಿಗೆ ವಾಸನೆಯನ್ನೂ ಬಿಡುವದು.

ಸಿಂಪಡಿಸುವ ಮೊದಲು ಹಲಗೆಯನ್ನು ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಅಚ್ಚಿನ ಮೇಣವು ಎಳ್ಳಷ್ಟು ಉಳಿದರೂ ಬಣ್ಣವು ಅಲ್ಲಿ ಹಿಡಿಯದೆ ಮೀನಿನ ಕಣ್ಣಿನಂತೆ ಗುಂಡಗಿನ ತೂತು ಬೀಳುವದು. ಮೊದಲು ತೊಳೆಯದೆ ಉಜ್ಜಲು ತೊಡಗಿದರೆ ಮೇಣವು ಗೀರುಗಳ ಒಳಗೇ ಹೊಕ್ಕು ಕೂಡ್ರುವದು, ಆಮೇಲೆ ಎಷ್ಟು ಒರಸಿದರೂ ಹೋಗದು. ತೊಳೆದ ಮೇಲೆ ೮೦ರ ಕಾಗದದಿಂದ ಉಜ್ಜಿ, ಸೂಜಿಯ ಮೊನೆಯಂಥ ತೂತುಗಳಿಗೆಲ್ಲ ಪುಟ್ಟಿಯನ್ನು ತುಂಬಿ, ೧೮೦ರ ಕಾಗದದಿಂದ ಸಮ ಮಾಡಿ, ಪ್ರೈಮರನ್ನು ಹೊಡೆಯಬೇಕು. ಪ್ರೈಮರು ಒಣಗಿದ ಮೇಲೆ ಅದನ್ನೂ ಒಮ್ಮೆ ಹಗುರಾಗಿ ಉಜ್ಜಬೇಕು.

ಈಗ ಮುಖ್ಯವಾದ ಕೈಚಳಕವು. ಬಣ್ಣ ಹೊಡೆಯುವವನು ಕಲಿತದ್ದೆಲ್ಲ ನುಣುಪು ತರುವ ವಿದ್ಯೆ. ಇಲ್ಲಿ ಅದನ್ನು ತಲೆಕೆಳಗು ಮಾಡಬೇಕು. ನುಣುಪಿಗೆ ಗಾಳಿಯ ಒತ್ತಡವು ಹೆಚ್ಚು, ಗನ್ನಿನ ಬಾಯಿ ಸಣ್ಣದು, ದೂರವು ಕಡಿಮೆ. ತರಿಗೆ ಒತ್ತಡವು ಕಡಿಮೆ, ಬಾಯಿ ದೊಡ್ಡದು, ದೂರವು ಹೆಚ್ಚು. ಒತ್ತಡವು ಕಡಿಮೆಯಾದಷ್ಟು ಹನಿಯು ದಪ್ಪ. ದೂರವು ಹೆಚ್ಚಾದಷ್ಟು ಹನಿಯು ದಾರಿಯಲ್ಲಿ ಅರೆಯೊಣಗಿ, ಬಿದ್ದಲ್ಲಿ ಹರಡದೆ ಗುಂಡಗೆ ನಿಲ್ಲುವದು. ಅಂಗಳಕ್ಕೆ ನೀರು ಚಿಮುಕಿಸುವ ಹೆಣ್ಣುಮಕ್ಕಳು ಕೈಯನ್ನು ಎತ್ತರಿಸಿ ಇಳಿಸಿ ಹನಿಯನ್ನು ದಪ್ಪ ಸಣ್ಣ ಮಾಡುವದನ್ನು ನೋಡಿದವರಿಗೆ ಈ ಮರ್ಮವು ಬೇಗ ತಿಳಿಯುವದು. ಮೊದಲು ತೆಳುವಾಗಿ ಒಂದು ಸಾರೆ ಹೊಡೆದು, ಹತ್ತು ನಿಮಿಷ ಬಿಟ್ಟು, ಒಂದೂವರೆ ಅಡಿಯ ದೂರದಿಂದ ಹನಿಹನಿಯಾಗಿ ಹೊಡೆಯಬೇಕು. ಒಂದು ಸಾರೆ ಎಡದಿಂದ ಬಲಕ್ಕೆ, ಇನ್ನೊಂದು ಸಾರೆ ಮೇಲಿನಿಂದ ಕೆಳಕ್ಕೆ. ಇಲ್ಲದಿದ್ದರೆ ಪಟ್ಟೆ ಪಟ್ಟೆಯಾಗಿ ಕಾಣುವದು. ಮೊದಲೇ ರಟ್ಟಿನ ಮೇಲೆ ನಾಲ್ಕೈದು ಬಗೆಯಾಗಿ ಹೊಡೆದು ನೋಡಿ, ಗಾಡಿಯ ಉಳಿದ ಭಾಗದ ಪಕ್ಕದಲ್ಲಿ ಆ ರಟ್ಟನ್ನು ಹಿಡಿದು, ಯಾವದು ಹೊಂದುವದೋ ಅದರ ಒತ್ತಡವನ್ನೂ ದೂರವನ್ನೂ ಬರೆದಿಟ್ಟುಕೊಳ್ಳಬೇಕು. ಈ ಹೋಲಿಕೆಯನ್ನು ಹೊರಗಿನ ಬೆಳಕಿನಲ್ಲಿಯೇ ಮಾಡಬೇಕು. ಅಂಗಡಿಯ ದೀಪದಲ್ಲಿ ಎಲ್ಲವೂ ಒಂದೇ ತರಹವಾಗಿ ಕಾಣುವವು.

ನಡು ಮಧ್ಯಾಹ್ನದಲ್ಲಿ ಈ ಕೆಲಸವು ಕೂಡದು. ಒಣ ಗಾಳಿಯಲ್ಲಿ ಹನಿಯು ಹಲಗೆಯನ್ನು ಮುಟ್ಟುವ ಮೊದಲೇ ಪೂರ್ತಿಯಾಗಿ ಒಣಗಿ ಪುಡಿಯಾಗಿ ಬೀಳುವದು. ನೋಡಲು ತರಿಯು ಚೆನ್ನಾಗಿಯೇ ಇರುವದು; ಬೆರಳಿನಿಂದ ಒರಸಿದರೆ ಉಸುಕಿನಂತೆ ಉದುರುವದು. ಹೊಲದ ಕಡೆಯಿಂದ ಎರೆಮಣ್ಣಿನ ಧೂಳು ಏಳುವದಕ್ಕೂ ಮೊದಲು, ನೆಲಕ್ಕೆ ನೀರು ಹೊಡೆದು, ಬೆಳಗಿನ ಏಳೆಂಟರೊಳಗೆ ಮುಗಿಸುವದು ಕ್ಷೇಮ.

ಒಂದು ದಿನ ಒಣಗಿದ ಮೇಲೆ ತರಿಯ ಮೊನೆಗಳು ಚೂಪಾಗಿರುವವು. ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಮೆಲ್ಲಗೆ ಒಮ್ಮೆ ತಿಕ್ಕಿದರೆ ಮೊನೆಗಳು ಮೊಂಡಾಗಿ ಕಾರಖಾನೆಯ ತರಿಗೆ ತೀರ ಹತ್ತಿರ ಬರುವವು. ಹೆಚ್ಚಿನ ಕೆಲಸಗಾರರು ಬಿಟ್ಟುಬಿಡುವ ಹೆಜ್ಜೆಯು ಇದೇ. ಕೊನೆಗೆ ಹೊಳಪಿಲ್ಲದ ಬಣ್ಣವನ್ನು ತೆಳುವಾಗಿ ಎರಡು ಮೂರು ಸಾರೆ ಹೊಡೆಯಬೇಕು. ದಪ್ಪವಾಗಿ ಹೊಡೆದರೆ ಕಷ್ಟಪಟ್ಟು ತಂದ ತಗ್ಗುಗಳು ತುಂಬಿ ಹೋಗುವವು. ಬಣ್ಣವು ಸ್ವಲ್ಪ ಬೇರೆಯಾದರೆ ಕಣ್ಣು ಕ್ಷಮಿಸುವದು. ಹೊಳಪು ಬೇರೆಯಾದರೆ ಕ್ಷಮಿಸದು.

ಮೂರನೆಯ ಮಾರ್ಗವು ಕಾರಖಾನೆಯದೇ, ಸಣ್ಣ ಪ್ರಮಾಣದಲ್ಲಿ. ಮಾದರಿಯ ಮೇಲೆ ತೊಗಲಿನ ನೆರಿಗೆಯ ರೆಕ್ಸಿನ್ನನ್ನು ಹೊದಿಸಿ, ಅದರಿಂದ ಅಚ್ಚನ್ನು ತೆಗೆದರೆ, ಆ ಅಚ್ಚಿನಿಂದ ಬರುವ ಪ್ರತಿಯೊಂದು ಹಲಗೆಯ ಮೇಲೆಯೂ ನೆರಿಗೆಯು ಮೂಡಿಯೇ ಬರುವದು. ಒಂದೇ ತರಹದ ಇಪ್ಪತ್ತು ಗಾಡಿಗಳಿಗೆ ಮಾಡುವವನಿಗೆ ಇದು ಲಾಭದಾಯಕವು, ಒಂದಕ್ಕಾದರೆ ವ್ಯರ್ಥವು. ರೆಸಿನ್ನಿನೊಳಗಿನ ಸ್ಟೈರೀನು ಕೆಲವು ರೆಕ್ಸಿನ್ನುಗಳನ್ನು ಕರಗಿಸುವದರಿಂದ ಚೂರೊಂದರ ಮೇಲೆ ಒಂದು ದಿನ ಪರೀಕ್ಷಿಸಬೇಕು. ಮೇಣವನ್ನು ಹೆಚ್ಚಾಗಿ ತಿಕ್ಕಿದರೆ ನೆರಿಗೆಯು ಮುಚ್ಚಿ ಹೋಗುವದು, ಕಡಿಮೆಯಾದರೆ ಹಲಗೆಯು ಅಚ್ಚನ್ನು ಬಿಡದು. ಗೋಡೆಯಂತೆ ನೆಟ್ಟಗಿರುವ ಬದಿಗಳಲ್ಲಿ ನೆರಿಗೆಯೇ ಹಲ್ಲಿನಂತೆ ಕಚ್ಚಿ ಹಿಡಿಯುವದು. ಅದಕ್ಕಾಗಿ ನೆರಿಗೆಯ ಪ್ರತಿ ೦.೦೨೫ ಮಿಲಿಮೀಟರು ಆಳಕ್ಕೆ ಬದಿಯನ್ನು ಒಂದರಿಂದ ಒಂದೂವರೆ ಡಿಗ್ರಿಯಷ್ಟು ಓರೆ ಮಾಡಬೇಕೆಂಬದು ಅಚ್ಚಿನ ಕೆಲಸಗಾರರ ಲೆಕ್ಕವು. ಸೇರಿನಂಥ ನೆಟ್ಟಗಿನ ಪಾತ್ರೆಗಿಂತ ಬಾಯಿ ಅಗಲವಾದ ಬಟ್ಟಲಿನಿಂದ ಬೆಲ್ಲದ ಅಚ್ಚು ಸುಲಭವಾಗಿ ಬೀಳುವದಿಲ್ಲವೆ?

ಇಷ್ಟನ್ನು ಹೇಳಿದ ಮೇಲೆ ಎಲ್ಲಿ ಮಾಡಬಾರದೆಂಬದನ್ನೂ ಹೇಳದಿದ್ದರೆ ನಾವು ವಾಚಕರಿಗೆ ದ್ರೋಹ ಬಗೆದಂತಾಗುವದು. ನಮ್ಮ ದೇಶದಲ್ಲಿ ೨೦೧೯ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಮುಂದೆಯೂ, ೨೦೨೧ರಿಂದ ಅವನ ಪಕ್ಕದವರ ಮುಂದೆಯೂ ಏರ್‌ಬ್ಯಾಗು ಇರಲೇಬೇಕೆಂಬ ನಿಯಮವು ಬಂದಿದೆ. ಪಕ್ಕದವರ ಚೀಲವು ಡ್ಯಾಶ್‌ಬೋರ್ಡಿನ ಒಳಗೆ ಮಡಿಚಿಕೊಂಡು ಕುಳಿತಿದ್ದು, ಅಪಘಾತವಾದಾಗ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಉಬ್ಬಿ ಹೊರಗೆ ಬರುವದು. ಅದು ಹರಿದುಕೊಂಡು ಬರಲೆಂದೇ ಅಲ್ಲಿಯ ಪ್ಲಾಸ್ಟಿಕ್ಕಿನ ಹಿಂದೆ ತೆಳುವಾದ ಗೆರೆಯನ್ನು ಕೊರೆದಿರುತ್ತಾರೆ. ಅದರ ಮೇಲೆ ರೆಕ್ಸಿನ್ನನ್ನು ಅಂಟಿಸಿದರೆ ಚೀಲವು ತಡವಾಗಿಯೋ ಓರೆಯಾಗಿಯೋ ಬರುವದು. ಫೈಬರ್‌ಗ್ಲಾಸನ್ನು ಹಾಕಿದರಂತೂ ಅದರ ಚೂರುಗಳೇ ಬಾಣಗಳಂತೆ ಮುಖಕ್ಕೆ ಹಾರುವವು. ಮುಂದಿನ ಸೀಟಿನಲ್ಲಿ ಕೂಡ್ರುವವರು ನಮ್ಮ ಮನೆಯವರೇ. ಆದ್ದರಿಂದ ಏರ್‌ಬ್ಯಾಗು ಇರುವ ಹಲಗೆಯನ್ನು, ಅದು ಎಷ್ಟೇ ಕುರೂಪವಾಗಿರಲಿ, ಮುಟ್ಟಲೇಕೂಡದು, ಕಂಪನಿಯದನ್ನೇ ಹಾಕಿಸಬೇಕು. ಏರ್‌ಬ್ಯಾಗಿಲ್ಲದ ಹಳೆಯ ಗಾಡಿಗಳಲ್ಲಿಯೂ ತಲೆ ಮೊಣಕಾಲುಗಳು ಬಡಿಯತಕ್ಕ ಕಡೆಗೆ ಚೂಪಾದ ಅಂಚುಗಳನ್ನು ಬಿಡದೆ ಬೆರಳಿನಷ್ಟು ಗುಂಡಗೆ ಮಾಡಿಸಬೇಕು. ಫೈಬರ್‌ಗ್ಲಾಸು ಕಾರಖಾನೆಯ ಪ್ಲಾಸ್ಟಿಕ್ಕಿನಂತೆ ಬಾಗಿ ನಿಲ್ಲುವದಿಲ್ಲ, ಸೀಳಿಕೊಂಡು ಮುರಿಯುವದು.

ಬೆಂಕಿಯ ಮಾತೂ ಇದೆ. ಸಾಧಾರಣ ರೆಸಿನ್ನು ಹೊತ್ತಿದರೆ ಕಪ್ಪು ಹೊಗೆಯನ್ನು ಉಗುಳುತ್ತ ಉರಿಯುವದು. ಗಾಡಿಯ ಒಳಗಿನ ವಸ್ತುಗಳ ಮೇಲೆ ಉರಿಯು ನಿಮಿಷಕ್ಕೆ ೧೦೨ ಮಿಲಿಮೀಟರಿಗಿಂತ ಬೇಗನೆ ಹರಡಕೂಡದೆಂದು ಅಮೇರಿಕೆಯವರು ಅರ್ಧ ಶತಮಾನದ ಹಿಂದೆಯೇ ಕಟ್ಟುಮಾಡಿದ್ದಾರೆ. ಉರಿಯನ್ನು ತಡೆಯುವ ರೆಸಿನ್ನುಗಳೂ ದೊರೆಯುತ್ತವೆ; ಬೆಲೆಯು ಸ್ವಲ್ಪ ಹೆಚ್ಚು. ತಂತಿಗಳು ಹಾಯುವ ಡ್ಯಾಶ್‌ಬೋರ್ಡಿಗಾದರೂ, ಹತ್ತು ಹದಿನೈದು ಜನ ಕೂಡ್ರುವ ಬಾಡಿಗೆಯ ಗಾಡಿಗಾದರೂ ಅದನ್ನೇ ಹಾಕಿಸಬೇಕೆಂದು ನಾವು ಒತ್ತಿ ಹೇಳುವೆವು.

ಹೀಗೆ ಮಾಡಿಸಿದ ಹಲಗೆಯ ಪಾಲನೆಯು ಸುಲಭ. ತರಿಯ ಸಂದುಗಳಲ್ಲಿ ಎರೆಯ ಧೂಳು ಕೂಡ್ರುವದು ಸಹಜ. ಮೆತ್ತಗಿನ ಕುಂಚದಿಂದ ಸಡಿಲಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು. ಜಾತ್ರೆಗೆ ಹೊರಡುವ ದಿನ ಗಾಡಿಯನ್ನು ಸಿಂಗರಿಸುವ ಉತ್ಸಾಹದಲ್ಲಿ ಕೆಲವರು ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆಯನ್ನೋ ಪೇಟೆಯಲ್ಲಿ ಮಾರುವ ಹೊಳಪಿನ ದ್ರವವನ್ನೋ ತಿಕ್ಕುತ್ತಾರೆ. ಎಣ್ಣೆಯು ತಗ್ಗುಗಳನ್ನೆಲ್ಲ ತುಂಬಿಕೊಂಡು ಮೈಯನ್ನು ಮತ್ತೆ ಕನ್ನಡಿಯನ್ನಾಗಿ ಮಾಡುವದು, ಧೂಳನ್ನೂ ಹಿಡಿದಿಡುವದು. ಹಾಗೆ ತಿಕ್ಕಿದ್ದರೆ ಸಾಬೂನಿನ ಉಗುರುಬೆಚ್ಚಗಿನ ನೀರಿನಿಂದ ಎರಡು ಸಾರೆ ಒರಸಿ ತೆಗೆದು, ಒಣಗಿದ ಮೇಲೆಯೇ ಗಾಡಿಯನ್ನು ದಾರಿಗೆ ತರುವದು.